ಸವತಿಯ ಹಾಡಿಗೆ ತೇಪೆ

ಬೀದಿಯವರೆಲ್ಲ ಅವಳನ್ನು ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಹಳೆಯ ಕ್ಯಾಸೆಟ್ಟುಗಳ ಹಾಳಾದ ಸದ್ದನ್ನು ಕಂಪ್ಯೂಟರಿಗೆ ಹಾಕಿ ರಿಪೇರಿ ಮಾಡುವುದು ಅವಳ ಕಸುಬು. ಅದರಲ್ಲಿ ಎತ್ತಿದ ಕೈ, ಸಿಟ್ಟಿನಲ್ಲೂ ಅಷ್ಟೇ.

ಒಂದು ಮಧ್ಯಾಹ್ನ ಗಂಡ ತನ್ನ ಕನ್ನಡಕದ ಅಂಗಡಿಗೆ ಬೀಗ ಹಾಕಿ ಬಂದು, ಜೇಬಿನಿಂದ ಒಂದು ಕ್ಯಾಸೆಟ್ಟು ತೆಗೆದ.

"ಅವಳು ಹಾಡಿದ್ದು ಇದೊಂದೇ ಉಳಿದಿರೋದು. ಮಧ್ಯೆ ಮಧ್ಯೆ ಹಾರತ್ತೆ. ಸರಿ ಮಾಡ್ತೀಯಾ?"

ಅವಳು ಎಂದರೆ ತೀರಿಹೋದ ಮೊದಲ ಹೆಂಡತಿ. ಕಿವಿಯಕ್ಕ ಒಲೆಯ ಮುಂದೆ ನಿಂತು ಗುನುಗಿದರೆ "ಸ್ವಲ್ಪ ಮೆಲ್ಲಗೆ ಕಣೇ, ಪೇಪರ್ ಓದ್ತಿದೀನಿ" ಅನ್ನುವ ಗಂಡ, ಮೊದಲನೆಯವಳ ಹಾಡನ್ನು ಮಾತ್ರ ಎದೆಗೆ ಒತ್ತಿಕೊಂಡು ತಂದಿದ್ದ. ಸತ್ತವಳ ಮೇಲೆ ಹೊಟ್ಟೆಕಿಚ್ಚು ತರವಲ್ಲ ಎಂದು ಇವಳಿಗೂ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಉರಿ ಆರುತ್ತದೆಯೇ?

"ಮಾಡ್ತೀನಿ ಬಿಡಿ," ಎಂದಳು.

ಕಂಪ್ಯೂಟರಿನಲ್ಲಿ ಸದ್ದೆಂದರೆ ಒತ್ತೊತ್ತಾದ ಚುಕ್ಕಿಗಳ ಸಾಲು. ನಡುವೆ ಕೆಲವು ಉದುರಿದ್ದರೆ ಅಕ್ಕಪಕ್ಕದವುಗಳ ಏರಿಳಿತ ನೋಡಿ, ಲೆಕ್ಕ ಹಾಕಿ ತುಂಬಬಹುದು. ಕಸುಬಿನವರು ಇದನ್ನು ಇಂಟರ್ಪೊಲೇಷನ್ ಅನ್ನುತ್ತಾರೆ. ಸಣ್ಣ ತೂತುಗಳೆಲ್ಲ ಹಾಗೇ ಮುಚ್ಚಿದವು. ಆದರೆ ಹಾಡಿನ ಕೊನೆಯಲ್ಲಿ ಪಲ್ಲವಿಯ ಗುನುಗು ಶುರುವಾಗುತ್ತಲೇ ಇಡಿಯಾಗಿ ಅಳಿಸಿಹೋಗಿತ್ತು. ಅಲ್ಲಿ ಯಾವ ಲೆಕ್ಕವೂ ನಡೆಯಲಿಲ್ಲ.

"ಸತ್ತ ಮೇಲೂ ನನ್ನ ಜೀವ ತಿಂತೀಯಲ್ಲೇ," ಎಂದು ಪರದೆಗೆ ಬೈದಳು. ಆಮೇಲೆ ಬಾಗಿಲು ಹಾಕಿ, ಮೈಕಿನ ಮುಂದೆ ತಾನೇ ಗುನುಗಿದಳು.

ಪ್ರತಿ ಸ್ವರದ ಬೆನ್ನಿಗೂ ಎರಡು ಪಟ್ಟು, ಮೂರು ಪಟ್ಟು ಎತ್ತರದ ಸ್ವರಗಳು ಸಣ್ಣಗೆ ಹೊರಡುತ್ತವೆ. ಆ ಹಾರ್ಮೋನಿಕ್ಸ್‌ಗಳ ಹೆಚ್ಚುಕಡಿಮೆಯಿಂದಲೇ ದನಿ ಯಾರದೆಂದು ತಿಳಿಯುವುದು. ಸವತಿಯ ಹಾರ್ಮೋನಿಕ್ಸ್ ಅಳೆದು, ತನ್ನವನ್ನು ಅವಕ್ಕೆ ಹೊಂದಿಸುವುದಷ್ಟೇ ಬಾಕಿ. ಕೈ ಬರಲಿಲ್ಲ. ಅವಳ ದನಿಯನ್ನು ತಾನೇಕೆ ಉಡಬೇಕು? ಗುನುಗನ್ನು ಇದ್ದ ಹಾಗೇ ಅಂಟಿಸಿಬಿಟ್ಟಳು. ಗಂಡ ಬೈದರೆ ಬೈಯಲಿ. "ಇದೇನೇ, ನಿನ್ನ ದನಿ ಅಲ್ವಾ!" ಎಂದು ಒಮ್ಮೆಯಾದರೂ ಗುರುತಿಸಲಿ.

ಗಂಡ ಕುರ್ಚಿಯ ತುದಿಯಲ್ಲಿ ಕೂತು ಹಾಡು ಕೇಳಿದ. ಆ ಗುನುಗು ಬಂದಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ.

"ಉಳಿದಿದ್ದನ್ನ ಯಾರು ಬೇಕಾದ್ರೂ ಹಾಡ್ತಾರೆ. ಇದು ಮಾತ್ರ ಅವಳೇ. ಇನ್ನೊಂದ್ಸಲ ಹಾಕು."

ಹಾಕಿದಳು. ಅಲ್ಲಿ ನಿಲ್ಲಲಾಗದೆ ಅಡಿಗೆಮನೆಗೆ ಹೋದಳು. ಹೊಟ್ಟೆಕಿಚ್ಚು ಈಗ ಸತ್ತವಳ ಮೇಲಲ್ಲ, ಮೈಕಿನ ಮುಂದೆ ಗುನುಗಿದವಳ ಮೇಲೆ. ಪಾತ್ರೆ ಉಜ್ಜುತ್ತ ಉಜ್ಜುತ್ತ ತನಗೇ ತಿಳಿಯದೆ ಅದನ್ನೇ ಗುನುಗತೊಡಗಿದಳು.

ಹೊರಗಿನಿಂದ ಗಂಡ ಕೂಗಿದ: "ಸ್ವಲ್ಪ ಮೆಲ್ಲಗೆ ಕಣೇ, ಹಾಡು ಕೇಳ್ತಿದೀನಿ."