ಪೂಜೆಗೆ ಮುಂಚಿನ ಬೈಟು ಕಾಫಿ

ನನಗೆ ಕಾಫಿ ಅಷ್ಟೇನೂ ಇಷ್ಟವಿಲ್ಲ. ಸಿದ್ದಾಪುರದ ನಮ್ಮ ಮನೆಯಲ್ಲಿ ಟೀ ಕುಡಿದೇ ಬೆಳೆದವಳು ನಾನು. ಆದರೂ ಮದುವೆಯಾದಾಗಿನಿಂದ ಪ್ರತಿ ಭಾನುವಾರ ಬೆಳಿಗ್ಗೆ ಚರ್ಚಿಗೆ ಹೋಗುವ ದಾರಿಯಲ್ಲಿ, ಜಯನಗರದ ಒಂದು ದರ್ಶಿನಿ ಹತ್ತಿರವಾಗುತ್ತಿದ್ದಂತೆ ಗಂಡನ ಬೆನ್ನು ತಟ್ಟಿ ಸ್ಕೂಟರ್ ನಿಲ್ಲಿಸುತ್ತಿದ್ದವಳೂ ನಾನೇ. ಅವನು ಕೌಂಟರಿಗೆ ಹೋಗಿ ಟೋಕನ್ ತರುತ್ತಿದ್ದ. ಬೈಟು. ಒಂದು ಕಾಫಿ, ಎರಡು ಲೋಟ. ನಿಂತು ಕುಡಿಯುವ ಮೇಜಿನ ಹತ್ತಿರ ಬಂದ ಮೇಲೆ ತನ್ನ ಲೋಟದಿಂದ ಇನ್ನೊಂದು ಗುಟುಕು ನನ್ನ ಲೋಟಕ್ಕೆ ಬಗ್ಗಿಸಿ, "ನಿಂಗೆ ಕಾಫಿ ಹುಚ್ಚು ಕಣೇ" ಅನ್ನುತ್ತಿದ್ದ. ನಾನು ನಕ್ಕು, ಕಷಾಯ ಕುಡಿದಂತೆ ಕುಡಿದು ಮುಗಿಸುತ್ತಿದ್ದೆ.

ಆ ಕಾಫಿ ನನಗೆ ಬೇಕಾಗಿದ್ದದ್ದು ಬಾಯಿ ರುಚಿಗಲ್ಲ. ಚರ್ಚಿನ ಪೂಜೆಯಲ್ಲಿ ಫಾದರ್ ನಾಲಿಗೆಯ ಮೇಲಿಡುವ ಪರಮಪ್ರಸಾದ ತೆಗೆದುಕೊಳ್ಳುವವರು ಅದಕ್ಕೆ ಒಂದು ಗಂಟೆ ಮುಂಚಿನಿಂದ ಏನನ್ನೂ ತಿನ್ನಬಾರದು, ನೀರು ಬಿಟ್ಟು ಏನನ್ನೂ ಕುಡಿಯಬಾರದು. ಇದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿರುವ ನಿಯಮ. ಕಾಫಿ ಕುಡಿದು ಹೋದರೆ ಪ್ರಸಾದ ತೆಗೆದುಕೊಳ್ಳದೆ ಇರುವುದಕ್ಕೆ ನನಗೊಂದು ಮರ್ಯಾದಸ್ಥ ಕಾರಣ ಸಿಗುತ್ತಿತ್ತು. ನಿಜವಾದ ಕಾರಣ ಬೇರೆ ಇತ್ತು. ನನ್ನ ಗಂಡ ಹಿಂದೂ. ನಮ್ಮ ಮದುವೆ ಆಗಿದ್ದು ರಿಜಿಸ್ಟ್ರಾರ್ ಆಫೀಸಿನಲ್ಲಿ. ಚರ್ಚಿನ ಕಣ್ಣಿಗೆ ಅದು ಮದುವೆಯೇ ಅಲ್ಲ. ಮದುವೆಯಾಗದೆ ಒಬ್ಬನ ಜೊತೆ ಸಂಸಾರ ಮಾಡುತ್ತಿರುವವಳು ನಾನು. ಅಂಥವಳು ಪ್ರಸಾದಕ್ಕೆ ನಾಲಿಗೆ ಚಾಚುವಂತಿಲ್ಲ.

ಹಾಗೆ ಮದುವೆಯಾಗಿದ್ದಕ್ಕೆ ಯಾರನ್ನೂ ದೂರುವಂತಿಲ್ಲ, ನನ್ನ ಸಿಟ್ಟನ್ನೇ ದೂರಬೇಕು. ಅವನ ಮನೆಯವರು ಚರ್ಚಿಗೆ ಕಾಲಿಡುವುದಿಲ್ಲ ಅಂದರು. ನಮ್ಮಮ್ಮ ಛತ್ರದ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಅಂದಳು. "ಯಾರೂ ಬರ್ಬೇಡಿ, ಎಲ್ರೂ ನಿಮ್ ನಿಮ್ಮನೇಲಿ ಬಿದ್ಕೊಳಿ" ಎಂದು ಕೂಗಾಡಿ ನಾನೇ ರಿಜಿಸ್ಟ್ರಾರ್ ಆಫೀಸಿಗೆ ಅವನನ್ನು ಎಳೆದುಕೊಂಡು ಹೋದೆ. ಅವತ್ತು ದೊಡ್ಡ ಶೂರಳಂತೆ ಬೀಗಿದ್ದೆ. ಆ ಶೌರ್ಯ ಮೊದಲ ಭಾನುವಾರಕ್ಕೇ ಇಳಿದು ಹೋಯಿತು.

ಪ್ರಸಾದದ ಹೊತ್ತಿಗೆ ಚರ್ಚಿನಲ್ಲಿ ಬೆಂಚು ಬೆಂಚೇ ಏಳುತ್ತದೆ. ಕನ್ನಡ ಪೂಜೆಗೆ ಬರುವವರು ಹೆಚ್ಚೇನಿಲ್ಲ, ಎಲ್ಲರಿಗೂ ಎಲ್ಲರೂ ಗೊತ್ತು. ಬೆಂಚಿನವರೆಲ್ಲ ಎದ್ದಾಗ ಕೂತೇ ಇರುವವಳು ಕಾಲು ಮುದುಡಿ ಮಂಡಿ ಪಕ್ಕಕ್ಕೆ ತಿರುಗಿಸಿ ದಾರಿ ಬಿಡಬೇಕು. ಒಬ್ಬೊಬ್ಬರೂ "ಸ್ವಲ್ಪ ಜರುಗಮ್ಮ" ಎನ್ನುತ್ತ ಸೀರೆಯ ನೆರಿಗೆ ಹಿಡಿದು ದಾಟುತ್ತಾರೆ. ಬಾಯಲ್ಲಿ ಪ್ರಸಾದ ಇಟ್ಟುಕೊಂಡು, ಕೈ ಜೋಡಿಸಿಕೊಂಡು ವಾಪಸ್ ಬರುತ್ತಾರೆ. ಮತ್ತೆ ಮಂಡಿ ತಿರುಗಿಸಬೇಕು. ಹೋಗುವಾಗ ಅವರ ಬೆನ್ನು ನೋಡಬಹುದು, ಬರುವಾಗ ಮುಖ ನೋಡಬೇಕಲ್ಲ, ಅದೇ ಕಷ್ಟ. ನಾನು ಹಾಡಿನ ಪುಸ್ತಕ ಬಿಡಿಸಿಕೊಂಡು ಕೂರುತ್ತಿದ್ದೆ.

ನಮ್ಮ ಬೆಂಚಿನ ಆಂಟಿಯೊಬ್ಬರು ಒಂದು ದಿನ ಕೇಳಿಯೇಬಿಟ್ಟರು. "ಯಾಕಮ್ಮ, ಪ್ರಸಾದ ತಗೊಳ್ಳಲ್ವಾ ನೀನು?"

"ಕಾಫಿ ಕುಡ್ದ್‌ಬಿಟ್ಟೆ ಆಂಟಿ."

"ಥೂ ನಿನ್ನ! ಒಂದ್ ಗಂಟೆ ಬಾಯಿ ಕಟ್ಕೊಳಕ್ಕಾಗಲ್ವೇನೆ ನಿಂಗೆ?"

ಬಯ್ಯಿಸಿಕೊಂಡು ನನಗೆ ಖುಷಿಯಾಯಿತು ಅಂದರೆ ನಂಬುತ್ತೀರಾ? ಹೊಟ್ಟೆಬಾಕಿ ಅನ್ನಿಸಿಕೊಂಡರೆ ಮಾನವೇನೂ ಹೋಗುವುದಿಲ್ಲ. ಅವತ್ತಿನಿಂದ ಆಂಟಿಗೆ ಅದೊಂದು ತಮಾಷೆಯಾಯಿತು. ಪೂಜೆ ಮುಗಿದ ಮೇಲೆ ಮಹಿಳಾ ಸಂಘದವರು ಅಂಗಳದಲ್ಲಿ ಇಡ್ಲಿ ವಡೆ ಮಾರುತ್ತಾರೆ. ಅಲ್ಲಿ ಆಂಟಿ, "ಇವಳಿಗೆ ಕೊಡ್ಬೇಡ್ರೇ, ಮುಂಚೇನೇ ಹೊಟ್ಟೆ ತುಂಬಿಸ್ಕೊಂಡು ಬಂದಿದಾಳೆ" ಎಂದು ಎಲ್ಲರನ್ನೂ ನಗಿಸುತ್ತಿದ್ದರು. ನಾನೂ ನಗುತ್ತಿದ್ದೆ.

ನನ್ನ ಗಂಡ ಗೇಟಿನ ಹೊರಗೆ, ಸ್ಕೂಟರಿನ ಮೇಲೆ ಕೂತು ಪೇಪರ್ ಓದುತ್ತಿದ್ದ. ನಾಲ್ಕನೇ ಬ್ಲಾಕಿನಲ್ಲಿ ಅವನದು ಕನ್ನಡಕದ ಅಂಗಡಿ. ಭಾನುವಾರ ತಡವಾಗಿ ತೆಗೆಯುತ್ತಾನೆ. ಒಳಗೆ ಬಾ ಎಂದು ನಾನು ಒಂದು ದಿನವೂ ಕರೆಯಲಿಲ್ಲ. ಬಂದರೆ ಯಾರಾದರೂ, "ನಿಮ್ಮ ಮದುವೆ ಯಾವ ಚರ್ಚಲ್ಲಾಯ್ತು?" ಎಂದು ಕೇಳುತ್ತಾರೆ, ಅವನು ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತಾನೆ ಎಂಬ ಭಯ. ಅವನು ಅದನ್ನು ಬೇರೆ ರೀತಿ ತಿಳಿದುಕೊಂಡಿದ್ದ. "ನನ್ ಹೆಂಡ್ತಿ ಯಾವತ್ತೂ ನಂಗೆ ಬಲವಂತ ಮಾಡಿಲ್ಲ" ಎಂದು ತನ್ನ ಅಕ್ಕನ ಹತ್ತಿರ ಹೆಮ್ಮೆಯಿಂದ ಹೇಳುವುದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಆಗ ಎದ್ದು ಅಡುಗೆಮನೆಗೆ ಹೋದೆ.

ಸರಿಪಡಿಸಿಕೊಳ್ಳುವ ದಾರಿ ಇರಲಿಲ್ಲವೆ? ಇತ್ತು. ಒಂದು ಸಲ ಫಾದರ್ ಹತ್ತಿರ, ನನ್ನ ಸ್ನೇಹಿತೆಯೊಬ್ಬಳಿಗೆ ಹೀಗಾಗಿದೆ ಎಂದು ಕತೆ ಕಟ್ಟಿ ಕೇಳಿದ್ದೆ. ಅವರು ನನ್ನ ಮುಖವನ್ನೇ ನೋಡುತ್ತ ಹೇಳಿದರು: "ನಿಮ್ಮ ಸ್ನೇಹಿತೆಗೆ ಹೇಳಿಮ್ಮ, ಯಜಮಾನ್ರನ್ನ ಕರ್ಕೊಂಡು ಬರ್ಲಿ. ಬಿಷಪ್ ಅವರ ಅನುಮತಿ ತರಿಸ್ತೀನಿ. ಅವರು ಮತ ಬದಲಾಯಿಸೋದೇನೂ ಬೇಡ. ಇಬ್ರು ಸಾಕ್ಷಿ ಮುಂದೆ ಒಪ್ಪಿಗೆ ಹೇಳಿದ್ರೆ ಆಯ್ತು." ಅಷ್ಟೇ. ಆದರೆ ಕರೆದುಕೊಂಡು ಹೋಗಬೇಕಾದರೆ ಮೊದಲು ಅವನಿಗೆ ವಿಷಯ ಹೇಳಬೇಕು. ಇಷ್ಟು ವರ್ಷ ನಿನ್ನ ಜೊತೆ ಬಾಳಿದ್ದು ನಮ್ಮ ಚರ್ಚಿನ ಪ್ರಕಾರ ಪಾಪ ಕಣೋ ಎಂದು ಯಾವ ಬಾಯಲ್ಲಿ ಹೇಳಲಿ? ಅವನ ಮುಂದೆ ಚರ್ಚಿನ ಬಗ್ಗೆ ನಾಚಿಕೆ, ಚರ್ಚಿನವರ ಮುಂದೆ ಅವನ ಬಗ್ಗೆ ನಾಚಿಕೆ. ಮಧ್ಯದಲ್ಲಿ ಅರ್ಧ ಲೋಟ ಕಾಫಿ ಹಿಡಿದುಕೊಂಡು ನಾನು.

ಹೀಗೇ ಎಷ್ಟು ವರ್ಷ ಬೇಕಾದರೂ ನಡೆಯುತ್ತಿತ್ತೇನೋ. ಅಷ್ಟರಲ್ಲಿ ಮಗಳು ಮೊದಲ ಪರಮಪ್ರಸಾದದ ವಯಸ್ಸಿಗೆ ಬಂದಳು. ಅವಳಿಗೆ ಜ್ಞಾನಸ್ನಾನ ಮಾಡಿಸಿ ಚರ್ಚಿಗೆ ಸೇರಿಸಲು ಅವನೇ ಒಪ್ಪಿಕೊಂಡಿದ್ದ. ಭಾನುವಾರದ ಕ್ಲಾಸಿನಲ್ಲಿ ಸಿಸ್ಟರ್ ಮಕ್ಕಳನ್ನು ತಯಾರು ಮಾಡುತ್ತಿದ್ದರು. ಆ ದಿನ ಬಿಳಿ ಫ್ರಾಕ್, ತಲೆಗೆ ಹೂವಿನ ಕಿರೀಟ, ಕೈಯಲ್ಲಿ ಮೇಣದ ಬತ್ತಿ. ಮಗು ಪ್ರಸಾದ ತೆಗೆದುಕೊಂಡ ತಕ್ಷಣ ಪಕ್ಕದಲ್ಲಿ ನಿಂತ ಅಪ್ಪ ಅಮ್ಮ ತೆಗೆದುಕೊಳ್ಳಬೇಕು. "ಅಪ್ಪ ತಗೊಳ್ಳಲ್ಲ, ಅಪ್ಪಂದು ಬೇರೆ ದೇವ್ರು, ಅದು ಓಕೆ" ಎಂದು ಮಗಳು ತಾನೇ ತೀರ್ಮಾನ ಮಾಡಿಕೊಂಡಿದ್ದಳು. "ಆದ್ರೆ ನೀನು ತಗೋತೀಯ ಅಲ್ವಾ ಅಮ್ಮ?"

"ನೋಡೋಣ" ಅಂದೆ.

ಮುಂದಿನ ಭಾನುವಾರ ಎಂದಿನಂತೆ ದರ್ಶಿನಿಯ ಮುಂದೆ ಸ್ಕೂಟರ್ ನಿಂತಿತು. ಗಂಡ ಕೌಂಟರಿನತ್ತ ಹೊರಟ. ಮಗಳು ಓಡಿಹೋಗಿ ಅವನ ಅಂಗಿ ಹಿಡಿದು ಜಗ್ಗಿದಳು. "ಅಪ್ಪಾ, ಅಮ್ಮಂಗೆ ಕಾಫಿ ಕೊಡಿಸ್ಬೇಡ! ಸಿಸ್ಟರ್ ಹೇಳಿದಾರೆ, ಒಂದ್ ಗಂಟೆ ಏನೂ ಕುಡೀಬಾರ್ದಂತೆ. ನೀನು ಪ್ರತಿ ವಾರ ಕೊಡಿಸ್ತೀಯಲ್ಲ, ಅದಕ್ಕೇ ಅಮ್ಮಂಗೆ ಪ್ರಸಾದ ತಗೊಳ್ಳಕ್ಕಾಗ್ತಿಲ್ಲ!"

ಕಂಡುಹಿಡಿದ ಖುಷಿಯಲ್ಲಿ ಅವಳ ಮುಖ ಊರಗಲವಾಗಿತ್ತು. ನನ್ನ ಗಂಡ ನನ್ನ ಕಡೆ ತಿರುಗಿದ. ಅವನ ಮುಖ ಪೆಚ್ಚಾಗಿತ್ತು.

"ಅಯ್ಯೋ, ಹೌದಾ? ಇಷ್ಟು ವರ್ಷ ನಾನೇ ಕೆಡಿಸ್ತಿದ್ನಾ? ಒಂದ್ ಮಾತು ಹೇಳ್ಬಾರ್ದಿತ್ತಾ ನೀನು? ನಂಗೇನ್ ಗೊತ್ತು ಇವೆಲ್ಲ... ಸಾರಿ ಕಣೇ."

ತಪ್ಪು ನನ್ನದು, ಸಾರಿ ಅವನದು. ಆ ಕ್ಷಣದಲ್ಲಾದರೂ ಹೇಳಬಹುದಿತ್ತು. "ಹೋಗ್ಲಿ ಬಿಡು, ಲೇಟಾಯ್ತು" ಅಂದೆ, ದೊಡ್ಡ ಮನಸ್ಸು ಮಾಡಿ ಅವನನ್ನು ಕ್ಷಮಿಸಿದವಳ ಹಾಗೆ. ಛೀ, ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ಅವನೂ ಕುಡಿಯಲಿಲ್ಲ. "ಪೂಜೆ ಮುಗೀಲಿ, ಆಮೇಲೆ ಇಬ್ರೂ ಕುಡಿಯೋಣ" ಎಂದು ಸ್ಕೂಟರ್ ಹತ್ತಿದ.

ಅವತ್ತು ಪೂಜೆಯುದ್ದಕ್ಕೂ ಮುಳ್ಳಿನ ಮೇಲೆ ಕೂತ ಹಾಗಿತ್ತು. ಫಾದರ್ ಏನು ಪ್ರಸಂಗ ಮಾಡಿದರೋ ಒಂದಕ್ಷರ ತಲೆಗೆ ಹೋಗಲಿಲ್ಲ. ಕ್ಲಾಸಿನ ಮಕ್ಕಳೆಲ್ಲ ಮುಂದಿನ ಬೆಂಚುಗಳಲ್ಲಿ ಸಿಸ್ಟರ್ ಜೊತೆ ಕೂತಿದ್ದರು. ಪ್ರಸಾದದ ಹೊತ್ತಿಗೆ ಮಗಳು ಕತ್ತು ಹೊರಳಿಸಿ ನನ್ನನ್ನು ಹುಡುಕುವುದು ಕಂಡಿತು. ನಮ್ಮ ಬೆಂಚು ಎದ್ದಿತು. ನಾನೂ ಎದ್ದೆ. ಆಂಟಿ, "ಏನಮ್ಮ, ಇವತ್ತು ಉಪವಾಸಾನಾ?" ಎಂದು ಪಿಸುಗುಟ್ಟಿ ನಕ್ಕರು. ಸಾಲಿನಲ್ಲಿ ನಾಲ್ಕು ಹೆಜ್ಜೆ ಇಟ್ಟವಳು ಪಕ್ಕದ ಬಾಗಿಲು ಬಂದ ಕೂಡಲೇ ಹೊರಗೆ ನುಸುಳಿದೆ. ಅಂಗಳದ ಕಲ್ಲಿನ ಗವಿಯಲ್ಲಿ ಮಾತೆಯ ವಿಗ್ರಹವಿದೆ, ಅದರ ಹಿಂದೆ ಒಂದು ನಲ್ಲಿ. ಅಲ್ಲಿ ನಿಂತು ಮುಖ ತೊಳೆದೆ. ಒಳಗೆ ಹಾಡು ಮುಗಿಯುವವರೆಗೂ ತೊಳೆಯುತ್ತಲೇ ಇದ್ದೆ.

ಪೂಜೆ ಮುಗಿದ ಮೇಲೆ ಮಗಳು ಓಡಿಬಂದು ಸೊಂಟ ತಬ್ಬಿಕೊಂಡಳು. "ನೀನು ಎದ್ದಿದ್ದು ನೋಡ್ದೆ ಅಮ್ಮ! ತಗೊಂಡ್ಯಾ?"

"ಹ್ಞೂಂ" ಅಂದೆ.

ಗೇಟಿನ ಹೊರಗೆ ಅವಳು ಅದನ್ನು ಅಪ್ಪನಿಗೆ ಒಪ್ಪಿಸಿದಳು. ಅವನಿಗೆ ಎಷ್ಟು ಸಂತೋಷವಾಯಿತೆಂದರೆ ದರ್ಶಿನಿಯಲ್ಲಿ ಕಾಫಿಯ ಜೊತೆ ಕೇಸರಿಬಾತ್ ಕೂಡ ತಂದ. "ತಗೋ, ಬಾಯಿ ಸಿಹಿ ಮಾಡ್ಕೋ. ನನ್ನಿಂದ ತಪ್ಪಿತ್ತಲ್ಲ, ಸರಿ ಹೋಯ್ತು." ಎಂದಿನಂತೆ ತನ್ನ ಲೋಟದಿಂದ ಒಂದು ಗುಟುಕು ನನ್ನ ಲೋಟಕ್ಕೆ ಬಗ್ಗಿಸಿದ. ಅಲ್ಲೇ, ಅಷ್ಟು ಜನರ ಮಧ್ಯೆ, ಚಮಚ ಹಿಡಿದುಕೊಂಡು ಅಳುವುದಕ್ಕೆ ಶುರು ಮಾಡಿದೆ.

ಮನೆಗೆ ಬಂದ ಮೇಲೆ, ಮಗಳನ್ನು ಪಕ್ಕದ ಮನೆಗೆ ಆಡಲು ಕಳಿಸಿ, ಎಲ್ಲವನ್ನೂ ಹೇಳಿದೆ. ನಲ್ಲಿಯ ವಿಷಯವನ್ನೂ ಹೇಳಿದೆ.

"ಅಂದ್ರೆ ನಮಗೆ ಮದುವೇನೇ ಆಗಿಲ್ಲ ಅಂತಾನಾ ನಿಮ್ಮೋರ ಲೆಕ್ಕ?" ಅಂದ ಕೊನೆಗೆ.

"ಚರ್ಚಿನ ಲೆಕ್ಕ ಅದು. ನಂದಲ್ಲ."

"ನಿಂದಲ್ಲ ಅಂದಿದ್ರೆ ಮುಚ್ಚಿಡ್ತಿರ್ಲಿಲ್ಲ ಬಿಡು."

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ ಕೂತಿದ್ದ. ದಿನವಿಡೀ ಬೇರೆಯವರ ಕನ್ನಡಕ ಒರೆಸುವವನು ತನ್ನದನ್ನು ಒರೆಸುವುದು ಅಪರೂಪ.

"ಅದು ಹೋಗ್ಲಿ. ಫಾದರ್ ಹತ್ರ ಬರ್ತೀನಿ, ಅದೇನ್ ದೊಡ್ಡ ವಿಷ್ಯ ಅಲ್ಲ. ಆದ್ರೆ ಆ ಕಾಫಿ?"

"ಯಾವ ಕಾಫಿ?"

"ನಿಂಗೆ ಇಷ್ಟ ಇರ್ಲಿಲ್ವಾ?"

ಇನ್ನು ಸುಳ್ಳು ಹೇಳುವ ತ್ರಾಣ ಇರಲಿಲ್ಲ. ಇಲ್ಲ ಎಂದು ತಲೆಯಾಡಿಸಿದೆ.

"ವಾರವೆಲ್ಲಾ ಅಂಗಡಿ, ಮನೆ, ಮಗು. ಅದೊಂದ್ ಹತ್ ನಿಮಿಷ ನನ್ ಜೊತೆ ನಿಂತ್ಕೊಳೋಕೆ ನೀನು ಗಾಡಿ ನಿಲ್ಲಿಸ್ತೀಯ ಅಂದ್ಕೊಂಡಿದ್ದೆ" ಅಂದ. ಎದ್ದು ಅಂಗಡಿಗೆ ಹೋದ. ಬಾಗಿಲನ್ನು ಮೆಲ್ಲಗೇ ಹಾಕಿಕೊಂಡು ಹೋದ. ದಡಾರನೆ ಬಡಿದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆ.

ಮಗಳಿಗೂ ಹೇಳಬೇಕಾಯಿತು. ಅವಳು ಕಣ್ಣು ಕಿರಿದು ಮಾಡಿ ಕೇಳಿಸಿಕೊಂಡು, "ಸುಳ್ಳು ಹೇಳಿದ್ದಕ್ಕೆ ನೀನು ಪಾಪನಿವೇದನೆ ಮಾಡ್ಬೇಕು, ಗೊತ್ತಲ್ಲ?" ಅಂದಳು. ಮಾಡಿದೆ.

ಅನುಮತಿ ಬಂದ ಮೇಲೆ ಒಂದು ಸಂಜೆ, ಪೀಠದ ಮುಂದೆ ನಾವಿಬ್ಬರೂ ನಿಂತೆವು. ಸಾಕ್ಷಿಗೆ ಆಂಟಿ ಮತ್ತು ಅವರ ಯಜಮಾನರು. ಕರೆಯಲು ಹೋದಾಗ ಆಂಟಿ ನನ್ನ ಮುಖ ನೋಡಿ, "ನಂಗೆ ಕಾಫಿ ಮೇಲೆ ಅನುಮಾನ ಇತ್ತು ಕಣೆ" ಅಂದಿದ್ದರು, ಬೇರೆ ಏನೂ ಕೇಳಿರಲಿಲ್ಲ. ಫಾದರ್ ನನ್ನ ಗಂಡನ ಕಡೆ ತಿರುಗಿ, ಇವರನ್ನು ಪತ್ನಿಯಾಗಿ ಸ್ವೀಕರಿಸಲು ಒಪ್ಪಿಗೆಯೇ ಎಂದು ಕೇಳಿದರು.

"ಒಪ್ಪಿಗೆ" ಅಂದ. "ಹೋದ್ ಸಲಾನೂ ಒಪ್ಪಿದ್ದೆ ಫಾದರ್."

ಆಂಟಿ ನಕ್ಕರು, ಫಾದರ್ ಕೂಡ ನಕ್ಕರು. ನಾನು ನೆಲ ನೋಡಿದೆ.

ಮಗಳ ದಿನ ಚೆನ್ನಾಗಿಯೇ ನಡೆಯಿತು. ಹೂವಿನ ಕಿರೀಟ ಓರೆಯಾಗಿತ್ತು. ಅವಳ ಒಂದು ಪಕ್ಕ ನಾನು, ಇನ್ನೊಂದು ಪಕ್ಕ ಅವನು, ಮೊದಲ ಸಲ ಪೂಜೆಯ ಹೊತ್ತಿನಲ್ಲಿ ಚರ್ಚಿನೊಳಗೆ, ಇಸ್ತ್ರಿ ಮಾಡಿದ ಅಂಗಿಯಲ್ಲಿ ಕೈ ಕಟ್ಟಿಕೊಂಡು. ಅವಳು ತೆಗೆದುಕೊಂಡಳು, ನಾನು ತೆಗೆದುಕೊಂಡೆ. ಅಷ್ಟು ವರ್ಷದ ಮೇಲೆ ನಾಲಿಗೆಯ ಮೇಲೆ ಪ್ರಸಾದ ಕರಗುವಾಗ ಕಣ್ಣು ತುಂಬಿ ಬಂತು. ಜನ ಅದನ್ನು ಭಕ್ತಿ ಅಂದುಕೊಂಡಿರಬೇಕು. ಸ್ವಲ್ಪ ಭಕ್ತಿಯೂ ಇತ್ತು, ಇಲ್ಲ ಅನ್ನುವುದಿಲ್ಲ.

ಈಗ ಪೂಜೆ ಮುಗಿದ ಮೇಲೆ ದರ್ಶಿನಿಗೆ ಹೋಗುತ್ತೇವೆ. ಅವನು ಕೋಪ ಸಾಧಿಸುವವನಲ್ಲ, ಮೊದಲಿನಂತೆಯೇ ಮಾತಾಡುತ್ತಾನೆ, ನಗಿಸುತ್ತಾನೆ. ಕೌಂಟರಿನವನು ಅವನನ್ನು ಕಂಡ ತಕ್ಷಣ, "ಬೈಟು ಅಲ್ವಾ ಸಾರ್?" ಎನ್ನುತ್ತಾನೆ. ಮೊದಲೆಲ್ಲ ಹಿಂದೆ ತಿರುಗಿಯೂ ನೋಡದೆ ಹ್ಞೂಂ ಅನ್ನುತ್ತಿದ್ದವನು ಈಗ ತಿರುಗಿ ನನ್ನ ಮುಖ ನೋಡುತ್ತಾನೆ.

"ನಿಂಗೆ ನಿಜವಾಗ್ಲೂ ಬೇಕಾ?" ಎಂದು ಕೇಳುತ್ತಾನೆ.

ಬೇಕು ಅನ್ನುತ್ತೇನೆ. ಈಗ ನಿಜವಾಗಿಯೂ ಬೇಕು. ಆದರೂ ಮುಂದಿನ ಭಾನುವಾರ ಮತ್ತೆ ಕೇಳುತ್ತಾನೆ.