ಕೆರೆ ಅಂಚಿನ ಆ ಒಂದು ಪಾಯಿಂಟು

ನನ್ನ ಮೊಮ್ಮಗಳು ಯೂನಿವರ್ಸಿಟಿಯಲ್ಲಿ ಭೂಗೋಳದ ಎಂ.ಎಸ್ಸಿ. ಓದುತ್ತಿದ್ದಾಗ ಪ್ರಾಜೆಕ್ಟಿಗೆಂದು ನಮ್ಮ ಸೀಮೆಯನ್ನೇ ಆರಿಸಿಕೊಂಡಳು. ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆ ಮೂವತ್ತು ವರ್ಷದಲ್ಲಿ ತೆಂಗು ಎಲ್ಲಿಂದ ಎಲ್ಲಿಗೆ ಹಬ್ಬಿದೆ ಎಂದು ಉಪಗ್ರಹದ ಚಿತ್ರ ನೋಡಿ ನಕ್ಷೆ ಮಾಡುವ ಕೆಲಸ. ರಿಮೋಟ್ ಸೆನ್ಸಿಂಗ್ ಅನ್ನುತ್ತಾರೆ. ಊರಿಗೆ ಬಂದವಳೇ ಲ್ಯಾಪ್‌ಟಾಪ್ ತೆರೆದು ನನ್ನ ಮುಂದಿಟ್ಟಳು. ಪರದೆಯೆಲ್ಲ ಕೆಂಪು.

"ಇದೇನವ್ವ, ಊರಿಗೆ ಬೆಂಕಿ ಬಿದ್ದಂಗಿದೆ?"

"ಕೆಂಪಿರೋದೆಲ್ಲ ಹಸಿರು ತಾತ. ನಮ್ಮ ಕಣ್ಣಿಗೆ ಕಾಣದ ಒಂದು ಬೆಳಕಿದೆ. ಅದರಲ್ಲಿ ಎಲೆ ಚೆನ್ನಾಗಿ ಹೊಳೆಯುತ್ತೆ. ಅದನ್ನ ಕೆಂಪಲ್ಲಿ ತೋರಿಸ್ತಾರೆ."

"ಹಸಿರನ್ನ ಹಸಿರಾಗೇ ತೋರಿಸಿದ್ರೆ ನಿಮಗೆ ಫೀಸ್ ಕಟ್ಟೋರು ಯಾರು, ಅಲ್ವಾ?"

ಅವಳು ನನ್ನ ತೊಡೆಗೆ ಒಂದು ಏಟು ಕೊಟ್ಟು ನಕ್ಕಳು.

ಯಾವ ಬಣ್ಣ ತೆಂಗು, ಯಾವುದು ರಾಗಿ ಹೊಲ, ಯಾವುದು ಬೋಳು ನೆಲ ಎಂದು ಕಂಪ್ಯೂಟರಿಗೆ ಮೊದಲು ನಾಲ್ಕಾರು ಕಡೆ ಪಾಯಿಂಟು ಗುರುತು ಮಾಡಿ, ತೋರಿಸಿ ಕಲಿಸಬೇಕಂತೆ. ಮಿಕ್ಕಿದ್ದನ್ನು ಅದೇ ಗುರುತಿಸುತ್ತದೆ. ಈಗಿನ ಚಿತ್ರಕ್ಕಾದರೆ ಹೋಗಿ ನೋಡಿದರೆ ಸಾಕು. ಹಳೆಯ ಚಿತ್ರಕ್ಕೆ ಹಳಬರನ್ನೇ ಕೇಳಬೇಕು. ಹಾಗಾಗಿ ಅವಳ ಸ್ಕೂಟರಿನ ಹಿಂದಿನ ಸೀಟು ನನ್ನದಾಯಿತು.

ಆ ದಿನಗಳನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ. ಹೈಸ್ಕೂಲು ಮುಗಿಸಿ ತೋಟಕ್ಕೆ ಇಳಿದ ಮೇಲೆ ಯಾರೂ ನನ್ನನ್ನು ಇಷ್ಟು ಪ್ರಶ್ನೆ ಕೇಳಿರಲಿಲ್ಲ. ಹಾಲ್ಕುರಿಕೆ ಕಡೆಯ ತೋಟಗಳಲ್ಲಿ ಗರಿ ದಟ್ಟವಾಗಿದ್ದರೆ ನಾವು ನಿಂತ ಜಾಗ ಫೋನಿಗೆ ಸಿಗದೆ ಅದರ ಗುರುತು ಅತ್ತಿತ್ತ ಅಲೆಯುತ್ತಿತ್ತು. ಅವಳು ಬಿಸಿಲು ಬಿದ್ದ ಕಡೆ ಹೋಗಿ ಕೈ ಎತ್ತಿ ನಿಲ್ಲುವಳು. "ಮಳೆ ಕರೀತಿದ್ದೀಯೇನೇ?" ಅಂತ ನಾನು ರೇಗಿಸುವೆ. ಹಂದನಕೆರೆಯ ಆಚೆ ಒಂದು ತೋಟದಲ್ಲಿ ನಿಂತು, ಇಲ್ಲಿ ಹುರುಳಿ ಹಾಕುತ್ತಿದ್ದರು, ಅಲ್ಲಿ ಕುರಿ ಮಂದೆ ಕೂರುತ್ತಿತ್ತು ಎಂದು ಹೇಳಿದೆ. ಅವಳು ಫೋನಿನ ಚಿತ್ರಕ್ಕೆ ತಾಳೆ ನೋಡಿ, "ಕರೆಕ್ಟ್ ತಾತ! ಕರೆಕ್ಟ್!" ಎಂದು ಕುಣಿದಳು. ಹೇಳಿದ್ದೆಲ್ಲ ನಿಜ.

ಕೊನೆಗೆ ನಮ್ಮ ತೋಟದ ಕೆಳಗಡೆ, ಕೆರೆ ಅಂಚಿಗೆ ಬಂದೆವು.

"ಇಲ್ಲೇನಿತ್ತು ತಾತ?"

"ನಮ್ಮಪ್ಪನ ಕಾಲದಿಂದ್ಲೂ ತೆಂಗೇ ಕಣವ್ವ."

"ಹಳೇ ಚಿತ್ರದಲ್ಲಿ ಬೋಳು ಕಾಣುತ್ತಲ್ಲ?"

"ಹಳೇವು ಬಿದ್ದ ಮೇಲೆ ನೆಟ್ಟ ಎಳೇ ಸಸಿ ಇದ್ದಾವು. ಅಷ್ಟು ಮೇಲಿಂದ ಹೆಂಗೆ ಕಂಡಾತು, ಬುಡು."

ಅದು ಗೋಮಾಳವಾಗಿತ್ತು. ಬೇಲಿ ಹಳೆಯದಾದಾಗಲೆಲ್ಲ ಹೊಸ ಬೇಲಿಯನ್ನು ಒಂದು ಸಾಲು ಆಚೆ ಹಾಕಿ, ನಡುವೆ ಸಸಿ ನೆಡುವುದು ನಮ್ಮಲ್ಲಿ ನಡೆದುಬಂದ ರೀತಿ. ನಾನೊಬ್ಬನೇ ಅಲ್ಲ, ಅಂಚಿನ ತೋಟದವರೆಲ್ಲ ಹಾಗೇ ಮಾಡಿದೆವು. ಕೇಳಿದವರಿಗೆ ಹೇಳಲು ಎಲ್ಲರದೂ ಒಂದೇ ಮಾತು, "ಅಪ್ಪನ ಕಾಲದಿಂದ್ಲೂ ತೆಂಗೇ". ಸರ್ವೆಯವರಿಗೆ ಹೇಳಿ ಹೇಳಿ ರೂಢಿಯಾಗಿದ್ದ ಮಾತು ಮೊಮ್ಮಗಳ ಮುಂದೆಯೂ ತಾನಾಗಿ ಹೊರಗೆ ಬಂತು. ರೂಢಿಯ ಜೊತೆ ಹೆದರಿಕೆಯೂ ಇತ್ತು. ನಕ್ಷೆ ಅಂದಮೇಲೆ ಇಂದಲ್ಲ ನಾಳೆ ಕಚೇರಿಗೆ ಹೋಗೇ ಹೋಗುತ್ತದೆ ಅಂದುಕೊಂಡೆ. ಅವಳು ಪಕ್ಕದ ತೋಟದವರನ್ನೂ ಕೇಳಿದಳು. ಅವರೂ ಅದನ್ನೇ ಹೇಳಿದರು.

ಚಿತ್ರವನ್ನು ಬಿಟ್ಟು ಅವಳು ನಮ್ಮನ್ನು ನಂಬಿದಳು. ಬೋಳು ನೆಲದ ಬಣ್ಣವನ್ನೇ ತೆಂಗು ಎಂದು ಕಂಪ್ಯೂಟರಿಗೆ ಕಲಿಸಿದಳು. ಕೆಲವು ದಿನದ ಮೇಲೆ ಹಾಸ್ಟೆಲಿನಿಂದ ಫೋನು ಬಂತು.

"ತಾತ, ನನ್ನ ನಕ್ಷೆಯಲ್ಲಿ ಚಿಕ್ಕನಾಯಕನಹಳ್ಳಿ ಗುಡ್ಡವೆಲ್ಲ ತೆಂಗಿನ ತೋಟ ಆಗಿಬಿಟ್ಟಿದೆ! ಮೇಡಂ ಕ್ಲಾಸಲ್ಲಿ ಎಲ್ಲರ ಮುಂದೆ ಕೇಳಿದ್ರು, ಬಂಡೆ ಮೇಲೆ ಎಳನೀರು ಬಿಡುತ್ತೇನಮ್ಮ ನಿಮ್ಮೂರಲ್ಲಿ ಅಂತ."

ನಗಲು ನೋಡಿದಳು, ಆಗಲಿಲ್ಲ. ಎಲ್ಲಿ ತಪ್ಪಿದೆನೋ ಗೊತ್ತಾಗುತ್ತಿಲ್ಲ ಎಂದಳು. ನನಗೆ ಗೊತ್ತಿತ್ತು. "ಊಟ ಆಯ್ತಾ ಮಗಾ?" ಅಂದೆ.

ಆಮೇಲೆ ಅವಳೇ ಕಂಡುಹಿಡಿದಳು. ಒಂದೊಂದು ವರ್ಷದ ಚಿತ್ರವನ್ನು ಒಂದರ ಮೇಲೊಂದು ಇಟ್ಟು ನೋಡಿದರೆ, ನಮ್ಮ ತೋಟದ ಕೆಂಪು ಕೆರೆಯ ಕಡೆಗೆ ಇಳಿಯುತ್ತಾ ಬಂದದ್ದು ಕಾಣುತ್ತಿತ್ತಂತೆ. ಯುಗಾದಿಗೆ ಬಂದಾಗ ಜಗಳವಾಡಲಿಲ್ಲ. ಒಬ್ಬಟ್ಟು ಬಡಿಸುತ್ತಾ ಮೆಲ್ಲಗೆ ಹೇಳಿದಳು:

"ಆ ಪಾಯಿಂಟ್ ತೆಗೆದುಹಾಕಿದೆ ತಾತ."

"ಕೆರೆ ಹತ್ರದ್ದಾ?"

"ನೀನು ಹೇಳಿದ್ದೆಲ್ಲ."

ಹುರುಳಿ ಹೊಲ, ಕುರಿ ಮಂದೆ, ಅವಳು ಕುಣಿದಾಡಿದ ಆ ತೋಟ, ಎಲ್ಲವೂ ಹೋದವು. ಪ್ರಾಜೆಕ್ಟು ತಡವಾಗಿ ಮುಗಿಯಿತು, ಪಾಸೂ ಆದಳು. ಈಗ ಅದೇ ಯೂನಿವರ್ಸಿಟಿಯಲ್ಲಿ ಮುಂದೆ ಓದುತ್ತಿದ್ದಾಳೆ. ಕಿರಿಯ ವಿದ್ಯಾರ್ಥಿಗಳನ್ನು ಕರೆದುಕೊಂಡು ನಮ್ಮ ಕಡೆ ಬರುತ್ತಾಳೆ, ಮನೆಯಲ್ಲಿ ಕಾಫಿ ಕುಡಿಯುತ್ತಾಳೆ, ನನ್ನ ಮಂಡಿ ನೋವು ವಿಚಾರಿಸುತ್ತಾಳೆ. ಯಾವ ಹೊಲದಲ್ಲಿ ಏನಿತ್ತು ಎಂದು ಮಾತ್ರ ಕೇಳುವುದಿಲ್ಲ. ಸ್ಕೂಟರು ಕೆರೆ ಏರಿ ದಾಟುವವರೆಗೂ ನೋಡುತ್ತಾ ನಿಲ್ಲುತ್ತೇನೆ. ಹಿಂದೆ ಬೇರೆ ಯಾರೋ ಕೂತಿರುತ್ತಾರೆ.

ಇದನ್ನು ಬರೆಯುವ ಮೊದಲು ಅವಳಿಗೆ ಫೋನು ಮಾಡಿ ಎಲ್ಲ ಹೇಳಿದೆ. ಗೋಮಾಳವಾಗಿತ್ತು, ನಿನ್ನ ಅಪ್ಪ ಎಸ್ಸೆಸ್ಸೆಲ್ಸಿ ಓದುತ್ತಿದ್ದ ವರ್ಷ ನಾನೇ ಮೊದಲ ಸಾಲು ನೆಟ್ಟೆ ಎಂದೆ.

"ಅದು ಗೊತ್ತು ತಾತ. ಹಂದನಕೆರೆದು?"

"ಅದು ನಿಜ ಕಣವ್ವ. ನಿನ್ನಾಣೆ."

"ಯಾವುದು ನಿಜ, ಯಾವುದಲ್ಲ ಅಂತ ನಾನು ಹೆಂಗೆ ತಿಳ್ಕೊಳ್ಳಲಿ?"

"ಇನ್ನೊಂದು ಸಲ ಕರ್ಕೊಂಡು ಹೋಗವ್ವ. ನಮ್ಮ ತೋಟದಿಂದ್ಲೇ ಶುರು ಮಾಡಾಣ. ಪಕ್ಕದೋರು ಬೈದ್ರೆ ಬೈಯ್ಲಿ," ಎಂದೆ.

"ನೋಡೋಣ ತಾತ," ಅಂದಳು. ಬೆಳಿಗ್ಗೆ ರಸ್ತೆಯಲ್ಲಿ ಯಾವ ಸ್ಕೂಟರಿನ ಸದ್ದಾದರೂ ಎದ್ದು ಹೊರಗೆ ಬರುತ್ತೇನೆ.