ಹರವಿ ಕೆಟ್ಟಾಗ ಹೇಳಿದ ಸುಳ್ಳು

ಮೊಮ್ಮಗಳು ಬಕೆಟ್ಟಿನಲ್ಲಿ ನೆನೆಸಿಟ್ಟ ಹೊಸ ಜೀನ್ಸ್ ಪ್ಯಾಂಟು ಇವತ್ತು ನೀಲಿ ಬಿಟ್ಟಿತ್ತು. ಆ ನೀರು ನೋಡಿದ್ದೇ ತಡ, ಹುಮನಾಬಾದಿನ ನಮ್ಮ ದೊಡ್ಡಪ್ಪ ನೆನಪಾಗಿ ಮೈಯೆಲ್ಲ ಉರಿಯಿತು.

ಅವನು ನೂಲಿಗೆ ಬಣ್ಣ ಹಾಕುವ ನೀಲಗಾರ. ಹಿತ್ತಲಲ್ಲಿ ಕುತ್ತಿಗೆವರೆಗೆ ಹೂತಿಟ್ಟ ದೊಡ್ಡ ಮಣ್ಣಿನ ಹರವಿಗಳಲ್ಲಿ ನೀಲಿ, ಸುಣ್ಣ, ತಗಚಿ ಬೀಜ ಕೊಳೆತು ನಾರುತ್ತಿದ್ದವು. ಹದ ನೋಡಲು ಅದರಲ್ಲಿ ಬೆರಳು ಅದ್ದಿ, ನೆಕ್ಕಿ, ಥೂ ಎಂದು ಗೋಡೆಗೆ ಉಗುಳುತ್ತಿದ್ದ. ಆ ಗೋಡೆ ಸಾರಿಸುವವಳು ನನ್ನ ಅವ್ವ.

ಹರವಿ ಕೆಟ್ಟು ನೂಲಿಗೆ ಬಣ್ಣ ಹಿಡಿಯದಿದ್ದರೆ ನೀಲಗಾರರು ಊರಲ್ಲಿ ಒಂದು ಸುಳ್ಳು ಸುದ್ದಿ ಹಬ್ಬಿಸುತ್ತಿದ್ದರು. ಸುಳ್ಳು ದೂರ ಹೋದಷ್ಟೂ ಹರವಿ ಬೇಗ ಸರಿಹೋಗುತ್ತದೆಂಬ ನಂಬಿಕೆ. ಹುಲಿ ಬಂತು, ಊರ ಬಾಗಿಲ ಕಮಾನು ಬಿತ್ತು ಎಂದು ಏನಾದರೂ ಹೇಳಬಹುದಿತ್ತು. ಆ ಸಲ ದೊಡ್ಡಪ್ಪ ಸಂತೆಯಲ್ಲಿ ನಿಂತು, ನನ್ನ ಅಕ್ಕನ ಬೆನ್ನ ಮೇಲೆ ತೊನ್ನು ಎದ್ದಿದೆ ಎಂದುಬಿಟ್ಟ.

ಅಕ್ಕನಿಗೆ ಮಂಠಾಳದ ಹುಡುಗ ನಿಶ್ಚಯವಾಗಿದ್ದ. ಅವರು ಉಡಿಸಿದ ಸೀರೆ ವಾಪಸ್ ಕೇಳಿದರು.

"ಹರವಿ ಸಲುವಾಗಿ ಹೇಳೀನಿ. ಅದು ಸುಳ್ಳಂತ ಊರಿಗೆಲ್ಲ ಗೊತ್ತದ," ಎಂದ ದೊಡ್ಡಪ್ಪ, ನೀಲಿ ಕೈ ಒರೆಸುತ್ತ.

"ಮಂಠಾಳದವ್ರಿಗಿ ಗೊತ್ತದೇನ್ರಿ, ಭಾವಾ?" ಎಂದಳು ಅವ್ವ.

ಅವನು ನೂಲು ಎತ್ತಿಕೊಂಡು ಹಿತ್ತಲಿಗೆ ನಡೆದ. ಅವನ ಹರವಿ ಸರಿಹೋಗಿತ್ತು. ಅಕ್ಕನಿಗೆ ಮತ್ತೆ ಗಂಡು ಬರಲಿಲ್ಲ.

ನಾವು ಬೇರೆ ಮನೆ ಮಾಡಿದೆವು. ಕೆಲವು ವರ್ಷಗಳ ಮೇಲೆ ಅವನ ಆಳು ಓಡಿಬಂದು, "ಅವ್ವಾರ, ನಿಮ್ಮ ಭಾವನೋರು ತೀರಿಕೊಂಡ್ರು," ಎಂದ.

ರೊಟ್ಟಿ ಬಡಿಯುತ್ತಿದ್ದ ಅವ್ವ ಕೈ ನಿಲ್ಲಿಸಲಿಲ್ಲ.

"ಹರವಿ ಕೆಟ್ಟಿರಬೇಕು, ಹೋಗು," ಎಂದಳು.

ಮೊಮ್ಮಗಳು ಬಕೆಟ್ಟಿನ ನೀಲಿ ನೀರನ್ನು ಗಟಾರಕ್ಕೆ ಚೆಲ್ಲಿದಳು. ನಾನು ಮೇಲೊಂದು ತಂಬಿಗೆ ನೀರು ಸುರಿದು ಅದನ್ನು ಮುಂದಕ್ಕೆ ತಳ್ಳಿದೆ.